ಭೂತವನ್ನು ಹುಡುಕುವವರು, ಭೂತವನ್ನು ಕರೆಯುವವರು

ನಮ್ಮ ಕುಟ್ಟದ ಪೇಟೆಗೆ ರೇಡಿಯೋ ಪೆಟ್ಟಿಗೆ ಮೊತ್ತಮೊದಲು ಬಂದಾಗ, ಅಂಗಡಿಯ ಜಗಲಿಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಅದನ್ನು ಬಹಳ ಹೊತ್ತು ಆಲಿಸಿ, "ಆಳು ಕಾಣದೆ ಮಾತು ಕೇಳಿಸಿದರೆ ಅದು ದೇವರಿರಬೇಕು, ಇಲ್ಲವೇ ಕುಲಿಯನಿರಬೇಕು, ಇದು ಪೇಟೆಯ ಧಾರಣೆ ಹೇಳುತ್ತಿದೆಯಾದ್ದರಿಂದ ದೇವರಂತೂ ಅಲ್ಲ" ಎಂದರಂತೆ. ನಮ್ಮ ತಂದೆಯವರು ಈ ಮಾತನ್ನು ಹೇಳಿ ಹೇಳಿ ನಗುತ್ತಿದ್ದರು. ಮುದುಕರ ಊಹೆ ತೀರ ತಪ್ಪೇನೂ ಆಗಿರಲಿಲ್ಲ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರ ನಿಲಯಕ್ಕೆ ದೊರೆತ ಹೆಸರು 'ಆಕಾಶವಾಣಿ'. ಪುರಾಣದಲ್ಲಿ ಶರೀರವಿಲ್ಲದೆ ನುಡಿಯುವ ದನಿಗೆ ಇರುವ ಹೆಸರೇ ಅದು.

ಇಂದು ಪ್ರಸ್ತಾಪಿಸಬೇಕೆಂದಿರುವ ವಿಷಯವೂ ಶರೀರವಿಲ್ಲದವರದೇ. ಹಳೆಯ ನಾಟಕಶಾಲೆಗಳಲ್ಲಿ ರಾತ್ರಿಯಿಡೀ ಕುಳಿತು ಭೂತವನ್ನು ಹುಡುಕುವ ಒಂದು ಹವ್ಯಾಸ ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ಬೆಳೆದಿದೆ. ಶಾಖಮಾಪಕ, ಕ್ಯಾಮರಾ, ಧ್ವನಿಮುದ್ರಣ ಯಂತ್ರ, ಕಾಂತಕ್ಷೇತ್ರವನ್ನು ಅಳೆಯುವ ಸಾಧನ ಇವನ್ನೆಲ್ಲ ಹೊತ್ತುಕೊಂಡು ಈ ಮಂದಿ ಖಾಲಿ ಕುರ್ಚಿಗಳ ನಡುವೆ ಕೂರುತ್ತಾರೆ. ಈಚೆಗೆ ನಮ್ಮ ಪಟ್ಟಣಗಳ ತರುಣರಿಗೂ ಇದರ ಗೀಳು ಹತ್ತಿದೆ. ಮೊದಲು ಅವರ ಊರಿನ ಕಥೆಯನ್ನು ನೋಡಿ, ಆಮೇಲೆ ನಮ್ಮ ಊರಿಗೆ ಬರೋಣ.

ಇಂಥ ಕಥೆಗಳಿಗೆಲ್ಲ ತವರುಮನೆ ಎನ್ನಬಹುದಾದದ್ದು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರ. ಅಲ್ಲಿ ೧೬೬೩ರಿಂದ ನಾಟಕಶಾಲೆಯಿದೆ. ಈಗ ನಿಂತಿರುವ ಕಟ್ಟಡ ನಾಲ್ಕನೆಯದು, ೧೮೧೨ರದು. ಅಲ್ಲಿಯ ಭೂತಕ್ಕೆ 'ಬೂದುಬಣ್ಣದ ಮನುಷ್ಯ' ಎಂದು ಹೆಸರು. ಬೂದು ನಿಲುವಂಗಿ, ಮೂರು ಮೂಲೆಯ ಟೋಪಿ, ಹದಿನೆಂಟನೆಯ ಶತಮಾನದ ವೇಷ. ಬರುವುದು ನಡುರಾತ್ರಿಯಲ್ಲಲ್ಲ, ಹಗಲಿನಲ್ಲಿ. ಮೇಲಂತಸ್ತಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದು ಗೋಡೆಯೊಳಗೆ ಮರೆಯಾಗುತ್ತಾನಂತೆ. ಅವನು ಕಂಡರೆ ನಾಟಕ ಬಹುದಿನ ನಡೆಯುತ್ತದೆಂದು ನಟರ ನಂಬಿಕೆ. ಆ ಗೋಡೆಯೊಳಗೆ ಹಿಂದೊಮ್ಮೆ, ಎದೆಯಲ್ಲಿ ಕಠಾರಿ ನೆಟ್ಟಿದ್ದ ಅಸ್ಥಿಪಂಜರ ಸಿಕ್ಕಿತೆಂಬ ಕಥೆಯೂ ಉಂಟು. ಇವೆಲ್ಲವನ್ನೂ ಊರಿಗೆಲ್ಲ ಸಾರಿದವರು ಡಬ್ಲ್ಯೂ. ಜೆ. ಮ್ಯಾಕ್ವೀನ್-ಪೋಪ್ ಎಂಬ ಗ್ರಂಥಕರ್ತರು. ಅವರು ಅದೇ ರಂಗಮಂದಿರದ ಪ್ರಚಾರದ ಕೆಲಸವನ್ನು ನೋಡಿಕೊಳ್ಳುತ್ತಿದ್ದರು ಎಂಬುದನ್ನು ಮಾತ್ರ ವಾಚಕರು ಮರೆಯಬಾರದು. ಟಿಕೀಟು ಮಾರುವವನ ಬಾಯಿಂದ ಬಂದ ಭೂತದ ಕಥೆಗೆ ರೂಪಾಯಿಗೆ ನಾಲ್ಕಾಣೆ ವಟ್ಟ ಹಿಡಿಯುವುದು ಲೇಸು.

ನಾಟಕಶಾಲೆಗೂ ಭೂತಕ್ಕೂ ನಂಟು ಏಕೆ ಬೆಳೆಯಿತು? ಒಂದು ಕಾರಣ, ನಾಟಕದವರು ಭೂತವನ್ನು ತಾವೇ ತಯಾರಿಸಿ ತೋರಿಸುತ್ತಿದ್ದುದು. ೧೮೬೨ರ ಕ್ರಿಸ್ಮಸ್ ಹಿಂದಿನ ದಿನ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಪ್ರೊಫೆಸರ್ ಪೆಪ್ಪರ್ ಎಂಬವರು ಡಿಕನ್ಸ್ ಮಹಾಶಯರ ಕಥೆಯೊಂದನ್ನು ಆಡಿಸಿದರು. ಸಭಿಕರ ಕಣ್ಣೆದುರಿಗೇ ರಂಗದ ಮೇಲೆ ಪಾರದರ್ಶಕವಾದ ಪ್ರೇತವೊಂದು ಸುಳಿದು ಮಾಯವಾಯಿತು. ಉಪಾಯ ಬಹು ಸುಲಭ. ರಂಗದ ಮುಂದೆ ದೊಡ್ಡದೊಂದು ಗಾಜಿನ ಹಲಗೆಯನ್ನು ಓರೆಯಾಗಿ ನಿಲ್ಲಿಸುವುದು. ಕೆಳಗಿನ ಹಳ್ಳದಲ್ಲಿ, ಸಭಿಕರಿಗೆ ಕಾಣದಂತೆ, ಒಬ್ಬ ನಟನನ್ನು ನಿಲ್ಲಿಸಿ ಅವನ ಮೇಲೆ ಪ್ರಖರವಾದ ಬೆಳಕು ಬಿಡುವುದು. ಗಾಜಿನಲ್ಲಿ ಮೂಡುವ ಅವನ ಪ್ರತಿಬಿಂಬವೇ ಪ್ರೇತ. ಇದನ್ನು ಮೊದಲು ಯೋಚಿಸಿದವರು ಹೆನ್ರಿ ಡರ್ಕ್ಸ್ ಎಂಬ ಇಂಜಿನಿಯರು. ಹೆಸರು ಉಳಿದದ್ದು ಮಾತ್ರ ಪೆಪ್ಪರರದು. ಹಳ್ಳದಲ್ಲಿ ನಿಂತು ಬೆವರಿದ ನಟನ ಹೆಸರನ್ನಂತೂ ಯಾರೂ ಕೇಳಲಿಲ್ಲ. ಈ ಹಳ್ಳದೊಳಗಿನ ಮನುಷ್ಯನನ್ನು ವಾಚಕರು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಮುಂದೆ ೧೮೮೨ರಲ್ಲಿ ಲಂಡನ್ನಿನಲ್ಲಿ ವಿದ್ವಾಂಸರು ಕೆಲವರು ಕೂಡಿ, ಇಂಥ ಅನುಭವಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದಕ್ಕೆಂದೇ ಒಂದು ಸಂಘವನ್ನು ಸ್ಥಾಪಿಸಿದರು. ಅವರು ಹದಿನೇಳು ಸಾವಿರ ಮಂದಿಯನ್ನು ಪ್ರಶ್ನಿಸಿ ೧೮೯೪ರಲ್ಲಿ ದೊಡ್ಡದೊಂದು ವರದಿಯನ್ನೇ ಹೊರಡಿಸಿದರು. ಅದೇ ಸಂಘದ ಪತ್ರಿಕೆಯಲ್ಲಿ ೧೯೯೮ರಲ್ಲಿ ಅಚ್ಚಾದ ಒಂದು ಲೇಖನ ನನಗೆ ಬಹಳ ಮೆಚ್ಚು. ವಿಕ್ ಟ್ಯಾಂಡಿ ಎಂಬ ಇಂಜಿನಿಯರು ರಾತ್ರಿ ಪ್ರಯೋಗಶಾಲೆಯಲ್ಲಿ ಒಬ್ಬರೇ ಇದ್ದಾಗ ಮೈ ತಣ್ಣಗಾಗಿ, ಕಣ್ಣಂಚಿನಲ್ಲಿ ಬೂದುಬಣ್ಣದ ಆಕೃತಿಯೊಂದು ಸುಳಿಯಿತು. ಮರುದಿನ ಅವರು ಕತ್ತಿವರಸೆಯ ತೆಳು ಕತ್ತಿಯೊಂದನ್ನು ದುರಸ್ತಿಗೆಂದು ಇಕ್ಕಳಕ್ಕೆ ಸಿಕ್ಕಿಸಿದರೆ, ಅದು ತನಗೆ ತಾನೇ ಅದುರತೊಡಗಿತು. ಹುಡುಕಿದಾಗ ಸಿಕ್ಕಿದ್ದು ಹೊಸದಾಗಿ ಹಾಕಿದ್ದ ಗಾಳಿಯ ಪಂಖ. ಅದು ಸೆಕೆಂಡಿಗೆ ಸುಮಾರು ಹತ್ತೊಂಬತ್ತು ಕಂಪನಗಳ, ಅಂದರೆ ಮನುಷ್ಯನ ಕಿವಿಗೆ ನಿಲುಕದಷ್ಟು ತಗ್ಗಿನ, ಶಬ್ದವನ್ನು ಹುಟ್ಟಿಸುತ್ತಿತ್ತು. ಕಿವಿ ಕೇಳದಿದ್ದರೂ ದೇಹಕ್ಕೆ ಅದು ತಟ್ಟುತ್ತದೆ, ಕಣ್ಣನ್ನೂ ಮೋಸಗೊಳಿಸಬಲ್ಲದು ಎಂದು ಟ್ಯಾಂಡಿಯವರ ತರ್ಕ. ಪಂಖವನ್ನು ಸರಿಪಡಿಸಿದ ಮೇಲೆ ಭೂತ ಬರಲಿಲ್ಲ. ಹಳೆಯ ನಾಟಕಶಾಲೆಯೆಂದರೆ ಗಾಳಿಯ ಕೊಳವೆಗಳು, ಉದ್ದುದ್ದ ಹಗ್ಗಗಳು, ಮರದ ಅಟ್ಟಗಳು, ಹಗಲು ಕಾದು ರಾತ್ರಿ ತಣಿದು ಲಟಕ್ಕೆನ್ನುವ ತೊಲೆಗಳು. ಅಲ್ಲಿ ಹೀಗಾಗುವುದು ಸೋಜಿಗವಲ್ಲ.

ನಮ್ಮ ನಾಡಿನಲ್ಲಿಯೂ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾಕ್ಟರ್ ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದರು. ಅದು ಎಬ್ಬಿಸಿದ ಚರ್ಚೆಯನ್ನು ಹಿರಿಯ ವಾಚಕರು ಮರೆತಿರಲಾರರು. ಅಂಥ ಪರೀಕ್ಷೆ ಅವಶ್ಯವಾಗಿ ನಡೆಯಬೇಕಾದ್ದೇ. ಆದರೆ ಹುಡುಕುವವರ ಕಥೆಗಳನ್ನು ಓದುವಾಗಲೆಲ್ಲ ನನಗೆ ಒಂದು ವಿಷಯ ವಿಚಿತ್ರವೆನಿಸುತ್ತದೆ. ಅವರಿಗೆ ಭೂತದೊಡನೆ ಮಾತೇ ಇಲ್ಲ. ಅದರ ಹೆಸರು ಗೊತ್ತಿಲ್ಲ, ಮನೆತನ ಗೊತ್ತಿಲ್ಲ, ಅದು ಕಂಡರೆ ಏನು ಕೇಳಬೇಕೆಂಬುದೂ ಗೊತ್ತಿಲ್ಲ. ಶಾಖಮಾಪಕದ ಪಾದರಸ ಎರಡು ಗೆರೆ ಇಳಿದರೆ ಸಂತೋಷಪಟ್ಟು ಮನೆಗೆ ಹೋಗುತ್ತಾರೆ. ನಾನು ಹುಟ್ಟಿ ಬೆಳೆದ ಸೀಮೆಯಲ್ಲಿ ಕ್ರಮ ಇದಕ್ಕೆ ತೀರ ವಿರುದ್ಧವಾದದ್ದು.

ಗೋಣಿಕೊಪ್ಪದಿಂದ ಪೊನ್ನಂಪೇಟೆ, ಶ್ರೀಮಂಗಲ ದಾಟಿ ತೆಂಕಣಕ್ಕೆ ಹೋದರೆ ಕೊಡಗು ಮುಗಿಯುವ ಜಾಗವೇ ಕುಟ್ಟ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಬ್ರಹ್ಮಗಿರಿ, ಅದರ ಮಗ್ಗುಲಲ್ಲಿ ಇರ್ಪಿನ ಜಲಪಾತ. ಪೇಟೆ ದಾಟಿದರೆ ತೋಲ್ಪೆಟ್ಟಿ, ಅಲ್ಲಿಂದ ವಯನಾಡು. ಬೆಟ್ಟದ ಆಚೆಗೆ ಇರುವ ತಿರುನೆಲ್ಲಿಯ ಪಾಪನಾಶಿನಿಯಲ್ಲಿ ಸತ್ತವರಿಗೆ ಪಿಂಡ ಬಿಡುವುದಕ್ಕೆ ಕೊಡಗಿನವರು ಹಿಂದಿನಿಂದಲೂ ಹೋಗುತ್ತಾರೆ. ಹೀಗಾಗಿ ಸತ್ತವರನ್ನು ಕಳಿಸಿಕೊಡುವ ದಾರಿ ನಮ್ಮ ಪೇಟೆಯ ನಡುವೆಯೇ ಹಾದುಹೋಗುತ್ತದೆ. ಅವರನ್ನು ಮರಳಿ ಕರೆಸಿಕೊಳ್ಳುವವರು ಬರುತ್ತಿದ್ದುದೂ ಬಹುಮಟ್ಟಿಗೆ ಅದೇ ದಿಕ್ಕಿನಿಂದ, ಮಲೆಯಾಳದ ಕಡೆಯಿಂದ.

ಕೊಡವ ಒಕ್ಕವೊಂದಕ್ಕೆ ಐನ್‌ಮನೆಯೆಂಬುದು ಮೂಲದ ಮನೆ. ಅದರ ಹತ್ತಿರವೇ ಕೈಮಡವೆಂಬ ಪುಟ್ಟ ಗುಡಿ. ಅದು ಒಕ್ಕದ ಮೂಲಪುರುಷನಾದ ಗುರುಕಾರೋಣನ ಸ್ಥಾನ. ಹಿರಿಯರಿಗೆ ಎಡೆಯಿಡುವುದಕ್ಕೆ 'ಮೀದಿ' ಎನ್ನುತ್ತಾರೆ. ಅನ್ನ, ಮಾಂಸದ ಸಾರು, ಮದ್ಯ ಮುಂತಾಗಿ ಅವರು ಬದುಕಿದ್ದಾಗ ಇಷ್ಟಪಟ್ಟದ್ದೆಲ್ಲ ಅದರಲ್ಲಿ ಇರುತ್ತದೆ. ಕೆಲವು ಒಕ್ಕಗಳಲ್ಲಿ ವರ್ಷಕ್ಕೊಮ್ಮೆ, ಕೆಲವೆಡೆ ಹಲವು ವರ್ಷಕ್ಕೊಮ್ಮೆ, ಇದು ಎಡೆಯಿಡುವಷ್ಟಕ್ಕೇ ನಿಲ್ಲದೆ ಕಾರೋಣನೇ ಬಂದು ಅಂಗಳದಲ್ಲಿ ನಿಲ್ಲುತ್ತಾನೆ. ಅದೇ ಕಾರೋಣ ತೆರೆ. ಕನ್ನಡದಲ್ಲಿ ತೆರೆಯೆಂದರೆ ನಾಟಕದ ಪರದೆ. ನಮ್ಮ ಸೀಮೆಯ ತೆರೆಯೋ ಮಲಬಾರಿನ 'ತಿರ'ದ ತಮ್ಮ, ಅಂದರೆ ತೆಯ್ಯಂ. ಈ ತೆರೆಗೆ ಪರದೆಯೇ ಇಲ್ಲ. ವೇಷ ಕಟ್ಟುವುದೂ ಎಲ್ಲರ ಕಣ್ಣೆದುರಿನ ಸಂಗತಿ. ಅಜ್ಜಪ್ಪ, ಕುಟ್ಟಿಚಾತ, ವಿಷ್ಣುಮೂರ್ತಿ ಮುಂತಾದವರ ತೆರೆಗಳೂ ಉಂಟು. ಕಟ್ಟುವವರು ಬಣ್ಣ, ಪಣಿಕ, ಮಲೆಯ ಎಂಬ ಜನ. 'ಬಣ್ಣ' ಎಂಬುದು ಇಲ್ಲಿ ಜಾತಿಯ ಹೆಸರೆಂದು ಹೊರಗಿನ ವಾಚಕರು ತಿಳಿಯಬೇಕು.

ನಾನು ಹತ್ತು ವರ್ಷದ ಹುಡುಗನಾಗಿದ್ದಾಗ, ೧೯೬೦ರ ದಶಕದಲ್ಲಿ, ಕುಟ್ಟದ ಹತ್ತಿರದ ಒಂದು ಐನ್‌ಮನೆಯಲ್ಲಿ ಇದನ್ನು ಮೊದಲ ಸಲ ಕಂಡೆ. ನಮ್ಮ ತಂದೆಯವರಿಗೆ ಪೇಟೆಯಲ್ಲಿ ಅಂಗಡಿ; ಆ ಮನೆಯವರು ಖಾತೆಯ ಗಿರಾಕಿಗಳು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ತೆಂಗಿನ ಗರಿಯ ಮರೆಯಲ್ಲಿ, ಸುಮಾರು ಐವತ್ತು ವರ್ಷದ ಬಡಕಲು ಮನುಷ್ಯನೊಬ್ಬ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಅವನ ಮಗನಿರಬೇಕು, ತಲೆಯ ಬಳಿ ಕುಳಿತು ಗರಿಯ ಕಡ್ಡಿಯಿಂದ ಮುಖಕ್ಕೆ ಬಣ್ಣ ಬರೆಯುತ್ತಿದ್ದ: ಅಕ್ಕಿಹಿಟ್ಟಿನ ಬಿಳಿ, ಅರಿಸಿನಕ್ಕೆ ಸುಣ್ಣ ಬೆರೆಸಿದ ಕೆಂಪು, ದೀಪದ ಕಾಡಿಗೆಯ ಕಪ್ಪು. ಎರಡು ಗಂಟೆಯ ಹೊತ್ತು ಅವನು ಅಲುಗಲಿಲ್ಲ. ಒಂದು ನೊಣ ತುಟಿಯ ಮೇಲೆ ಕುಳಿತಾಗ ಮಗನೇ ಓಡಿಸಿದ. ಆಮೇಲೆ ಎದ್ದು, ಸೊಂಟಕ್ಕೆ ಸೀಳಿದ ಎಳೆಗರಿಯ ಲಂಗ ಕಟ್ಟಿ, ಕಾಲಿಗೆ ಗೆಜ್ಜೆ ಹಾಕಿ, ಚೆಂಡೆಯ ಸದ್ದಿನ ನಡುವೆ ತೋಟ್ಟಂ ಎಂಬ ಹಾಡು ಮುಗಿಯುವ ಹೊತ್ತಿಗೆ ಕೈಗೆ ಒಂದು ಪುಟ್ಟ ಕನ್ನಡಿ ಕೊಟ್ಟರು. ಅವನು ಅದರಲ್ಲಿ ತನ್ನ ಮುಖವನ್ನು ನೋಡಿದ. ನೋಡುತ್ತಲೇ ಇದ್ದ. ಅವನ ಭುಜಗಳು ನಡುಗತೊಡಗಿದುವು. ಪೆಪ್ಪರರ ಗಾಜಿನಲ್ಲಿ ಪ್ರೇತವನ್ನು ಕಾಣುತ್ತಿದ್ದವರು ಸಭಿಕರು. ಇಲ್ಲಿ ಗಾಜಿನಲ್ಲಿ ಅದನ್ನು ಮೊದಲು ಕಾಣುವವನು ನಟನೇ.

ಅನಂತರ ಅಂಗಳದಲ್ಲಿ ನಿಂತವನು ಬೇರೆ ಆಳು. ಬೆನ್ನು ನೆಟ್ಟಗಾಗಿತ್ತು, ದನಿ ಮುದಿಯಾಗಿತ್ತು. ಒಕ್ಕದ ಹಿರಿಯರಾದ ಕೊರವುಕಾರರು, ಕುಪ್ಯ ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡಿದ್ದವರು, ಬಗ್ಗಿ ಅವನ ಕಾಲು ಮುಟ್ಟಿದರು. ಮನೆಯವರೆಲ್ಲ ಸಾಲಾಗಿ ಬಂದು ಮುಟ್ಟಿದರು. ಮಲೆಯಾಳ ಬೆರೆತ ಮಾತಿನಲ್ಲಿ ಅವನು ಒಬ್ಬೊಬ್ಬರನ್ನಾಗಿ ವಿಚಾರಿಸಿಕೊಂಡ: ಈ ವರ್ಷ ಭತ್ತ ಹೇಗೆ, ಮಗಳಿಗೆ ಹೆರಿಗೆ ಆಯಿತೆ, ಕೈಮಡದ ಮಾಡು ಸೋರುತ್ತಿದೆಯಲ್ಲ, ಯಾರ ಕಣ್ಣಿಗೂ ಬೀಳಲಿಲ್ಲವೆ? ಮದ್ಯದ ಬಟ್ಟಲನ್ನು ಮುಂದೆ ಹಿಡಿದಾಗ ಮಾತ್ರ ಕೈ ಚಾಚಲಿಲ್ಲ. "ಎರಡನೆಯವನು ಎಲ್ಲಿ?" ಎಂದ.

ಅಂಗಳ ಸ್ತಬ್ಧವಾಯಿತು. ಆ ಮನೆಯಲ್ಲಿ ಆಸ್ತಿಯ ಮನಸ್ತಾಪವಿದ್ದುದು ಪೇಟೆಗೆಲ್ಲ ತಿಳಿದ ವಿಷಯ. ಜಮ್ಮ ಭೂಮಿಯೆಂದರೆ ಒಕ್ಕದ ಹೆಸರಿನಲ್ಲಿ ಒಂದಾಗಿ ಇರತಕ್ಕದ್ದು. ಆದರೆ ಕಾಫಿಗೆ ಬೆಲೆ ಬಂದ ಮೇಲೆ ಪಾಲಿನ ಮಾತು ಬಾರದ ಮನೆ ಕಡಿಮೆ. ತಮ್ಮನಾದವರು ಎರಡು ವರ್ಷದಿಂದ ಐನ್‌ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಆ ರಾತ್ರಿ ಬಂದಿದ್ದರು, ಆದರೆ ಒಳಕ್ಕೆ ಬಾರದೆ ದೂರದಲ್ಲಿ, ಎರವ ಆಳುಗಳು ನಿಂತಿದ್ದ ಕಡೆ, ಕಾಫಿ ಗಿಡಗಳ ಹತ್ತಿರ ನಿಂತಿದ್ದರು. ಕಾರೋಣ ಪಂಜಿನ ಬೆಳಕಿನಲ್ಲಿ ನೇರವಾಗಿ ಅತ್ತ ನಡೆದ. ಗೆಜ್ಜೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವರ ಕೈ ಹಿಡಿದು ಕರೆತಂದು ಅಣ್ಣನ ಪಕ್ಕದಲ್ಲಿ ನಿಲ್ಲಿಸಿ, "ಅನ್ನ ಒಂದೇ ಒಲೆಯಲ್ಲಿ ಬೇಯದಿದ್ದರೆ ನನಗೆ ಈ ಎಲೆ ಏಕೆ?" ಎಂದು ಗದರಿದ. ಆ ತಮ್ಮನವರು ದೊಡ್ಡ ಮೈಯ ಗಂಡಸು, ಸೈನ್ಯದಲ್ಲಿದ್ದು ಬಂದವರು. ಎಳೆ ಮಗುವಿನಂತೆ ಅತ್ತರು. ಬಟ್ಟಲು ಖಾಲಿಯಾದದ್ದು ಆಮೇಲೆ. ಆ ಮನೆ ಕೊನೆಗೆ ಪಾಲಾಗದೆ ಉಳಿಯಲಿಲ್ಲ, ಆ ಮಾತು ಬೇರೆ. ಆದರೆ ಸಹೋದರರು ಆ ಮೇಲೆ ಒಬ್ಬರ ಮನೆಗೊಬ್ಬರು ಹೋಗಿಬರುತ್ತಿದ್ದರು.

ಅಲ್ಲಿ ಭೂತವಿತ್ತೆ, ಇಲ್ಲವೆ? ಊರಿನ ಜಗಳ ವೇಷಗಾರನಿಗೆ ಗೊತ್ತಿರಲಿಲ್ಲವೆ? ಗೊತ್ತಿದ್ದಿರಲೇಬೇಕು. ಆದರೆ ಗೊತ್ತಿದ್ದವರು ಪೇಟೆಯಲ್ಲಿ ಬೇಕಾದಷ್ಟು ಜನ. ಆ ಮಾತನ್ನು ಆ ಅಂಗಳದಲ್ಲಿ ನಿಂತು ಆಡಬಲ್ಲವರು ಬೇರೊಬ್ಬರಿರಲಿಲ್ಲ.

ಬೆಳಗ್ಗೆ ಕಂಡದ್ದನ್ನೂ ಹೇಳಬೇಕು. ಬಣ್ಣ ತೊಳೆದುಕೊಂಡು, ಕಣದ ಅಂಚಿನ ಕಲ್ಲಿನ ಮೇಲೆ ಅವನು ಕುಳಿತಿದ್ದ. ಕಿವಿಯ ಹಿಂದೆ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಅವನೇ ತಂದಿದ್ದ ಲೋಟಕ್ಕೆ ಮನೆಯ ಆಳು ಎತ್ತರದಿಂದ ಕಾಫಿ ಹೊಯ್ದ. ರಾತ್ರಿ ಕಾಲು ಮುಟ್ಟಿದ್ದ ಕೊರವುಕಾರರು ಜಗಲಿಯ ಮೇಲಿನಿಂದಲೇ, "ಏನೋ, ಅಕ್ಕಿ ಕೊಟ್ಟರೇನೋ?" ಎಂದು ಕೇಳಿದರು. ಅವನು ಎದ್ದು ನಿಂತು "ಆಯಿತು" ಎಂದ. ನಾನು ಹತ್ತಿರ ಹೋಗಿ, "ಅಜ್ಜ ಹೋದರೆ?" ಎಂದು ಕೇಳಿದೆ. "ಹೋದರು ಮಗು. ತಿಂದದ್ದನ್ನೂ ಅವರೇ ತೆಗೆದುಕೊಂಡು ಹೋದರು, ಹಸಿವನ್ನು ನನಗೆ ಬಿಟ್ಟರು" ಎಂದು ನಕ್ಕ.

ದೊಡ್ಡವನಾದ ಮೇಲೆ ನಾನು ಓದಿದ ಗ್ರಂಥಗಳಲ್ಲೆಲ್ಲ ಈ ಮನುಷ್ಯನನ್ನು ಹುಡುಕುತ್ತ ಬಂದಿದ್ದೇನೆ. ನಮ್ಮ ಕರಾವಳಿಗೂ ಕೊಡಗಿಗೂ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಪಾಶ್ಚಾತ್ಯರಲ್ಲಿ ಅನೇಕರು ತಮ್ಮದೇ ರೀತಿಯಲ್ಲಿ ಭೂತವನ್ನು ಹುಡುಕಿದವರೇ. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ಅವರು ತುಳುವರ ಭೂತಾರಾಧನೆಯ ಬಗ್ಗೆ ಸಾಮಗ್ರಿಯನ್ನು ರಾಶಿರಾಶಿಯಾಗಿ ಕೂಡಿಟ್ಟು ೧೮೮೨ರಲ್ಲಿ ತೀರಿಕೊಂಡರು. ಅದು ೧೮೯೪ರಿಂದ ೧೮೯೭ರವರೆಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚಾಯಿತು. ಮಿಶನರಿ ಮ್ಯಾನರ್ ಅವರ ಪಾಡ್ದನ ಸಂಗ್ರಹ ೧೮೮೬ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಕೊಡಗಿನ ಮಟ್ಟಿಗೆ ೧೮೫೫ರಲ್ಲಿ ಮೊಗ್ಲಿಂಗ್, ೧೮೭೦ರಲ್ಲಿ ರಿಕ್ಟರ್ ಪುಸ್ತಕಗಳನ್ನು ಬರೆದರು. ಇವರು ಬಳಸಿದ ಮಾತು 'ಪಿಶಾಚಿಪೂಜೆ'. ಮಿಶನಿನವರಿಂದ ಬೇರೆ ಮಾತನ್ನು ನಿರೀಕ್ಷಿಸುವಂತೆಯೂ ಇಲ್ಲ. ಆದರೂ ಅವರು ಬರೆದಿಡದಿದ್ದರೆ ನಮಗೆ ಎಷ್ಟೋ ಸಂಗತಿಗಳು ದಕ್ಕುತ್ತಿರಲಿಲ್ಲ.

ನಮ್ಮವರೇ ಆದ ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು. ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ಊರೂರು ಸುತ್ತಿ ಸಂಗ್ರಹಿಸಿ ೧೯೨೪ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಪ್ರಕಟಿಸಿದರು. ಕಳ್ಳರನ್ನು ಹಿಡಿಯಬೇಕಾದವರು ಹಾಡನ್ನು ಹಿಡಿದುತಂದರು. ಅದಕ್ಕೂ ಮುಂಚೆಯೇ, ೧೯೦೬ರಲ್ಲಿ, ಹರದಾಸ ಅಪ್ಪಚ್ಚ ಕವಿಗಳು 'ಯಯಾತಿ ರಾಜ'ನ ನಾಟಕವನ್ನು ಬರೆದು ಕೊಡವ ಭಾಷೆಗೆ ಪರದೆಯ ರಂಗಭೂಮಿಯನ್ನು ತಂದಿದ್ದರು. ಒಂದೇ ಸೀಮೆಯಲ್ಲಿ ಎರಡು ತೆರೆಗಳಾದುವು. ಒಂದರಲ್ಲಿ ನಟನ ಹೆಸರನ್ನು ಹೇಳುವುದುಂಟು, ಇನ್ನೊಂದರಲ್ಲಿ ಅದು ಯಾರಿಗೂ ಬೇಡ. ಮುಂದೆ ೧೯೫೨ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದ ಎಂ. ಎನ್. ಶ್ರೀನಿವಾಸರ ಪ್ರಖ್ಯಾತ ಗ್ರಂಥದಲ್ಲಿ ಬಣ್ಣ, ಪಣಿಕ ಮೊದಲಾದವರು ಹಿರಿಯರ ವಾಣಿಯಾಗುವ ಕ್ರಮದ ವಿವರಣೆಯಿದೆ. ಯಾವ ಜಾತಿ ಎಲ್ಲಿ ನಿಲ್ಲಬೇಕು, ಯಾರು ಯಾರನ್ನು ಮುಟ್ಟಬಹುದು ಎಂಬುದನ್ನು ಅಷ್ಟು ಸೂಕ್ಷ್ಮವಾಗಿ ಬರೆದವರು ಬೇರೆ ಇಲ್ಲ. ನನ್ನ ಕಣದಂಚಿನ ಮನುಷ್ಯ ಅಲ್ಲಿ ಸ್ವಲ್ಪ ಮಟ್ಟಿಗೆ ಸಿಕ್ಕಿದ, ಆದರೆ ಜಾತಿಯಾಗಿ ಸಿಕ್ಕಿದ, ಆಳಾಗಿ ಸಿಗಲಿಲ್ಲ. ಭೂತಗಳ ಹೆಸರಿನ ಪಟ್ಟಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದು ಇಡೀ ಒಕ್ಕದ ಅಜ್ಜನಾಗಿ ಮೂವತ್ತು ವರ್ಷ ನಿಂತವನ ಹೆಸರು ಬೇಕೆಂದರೆ ಒದ್ದಾಡಬೇಕು.

೧೯೫೬ರ ನವೆಂಬರ್ ಒಂದರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಮಲಬಾರು ಕೇರಳಕ್ಕೆ ಸೇರಿತು. ಕುಟ್ಟದ ಪೇಟೆಯ ಆಚೆಯ ಊರು ಕೇರಳದ್ದಾಯಿತು. ತೋಲ್ಪೆಟ್ಟಿಯ ದಾರಿಯಲ್ಲಿ ಅಕ್ಕಿಯ ಮೂಟೆಗೆ ತಡೆ ಬಂದರೂ ಕಾರೋಣರಿಗೆ ಬರಲಿಲ್ಲ. ನಿಜವಾದ ತೊಂದರೆ ಬಂದದ್ದು ಮನೆಗಳ ಒಳಗಿನಿಂದ. ಒಕ್ಕಗಳು ಒಡೆದುವು, ಮಕ್ಕಳು ಬೆಂಗಳೂರು ಸೇರಿದರು, ಎಲ್ಲರೂ ಕೂಡುವ ರಾತ್ರಿಯನ್ನು ಗೊತ್ತುಮಾಡುವುದೇ ಕಷ್ಟವಾಯಿತು. ಕಟ್ಟುವವರ ಮಕ್ಕಳೂ ಶಾಲೆಗೆ ಹೋದರು. ಅವರಲ್ಲಿ ಕೆಲವರಿಗೆ ಆ ಬೆಳಗಿನ ಲೋಟ ನೆನಪಿದೆ. ಈ ಕೆಲಸವೇ ಬೇಡವೆನ್ನುತ್ತಾರೆ. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಇನ್ನು ಕೆಲವರು ಮುಂದುವರಿಸಿದ್ದಾರೆ. ಉತ್ತರ ಮಲಬಾರಿನಲ್ಲಿ ತೆಯ್ಯಂ ಕಟ್ಟುವವರಿಗೆ ಕಲಾವಿದರೆಂಬ ಮನ್ನಣೆ ದೊರೆತ ಮೇಲೆ ನಮ್ಮ ಕಡೆಯೂ ಮಾತಿನ ಧಾಟಿ ಸ್ವಲ್ಪ ಬದಲಾಗಿದೆ. ಕೊಡಗಿನ ಅನೇಕ ಊರುಗಳಲ್ಲಿ ತೆರೆ ಈಗಲೂ ನಡೆಯುತ್ತಿದೆ. ಅಂಗಳದ ತುಂಬ ಕ್ಯಾಮರಾಗಳಿರುತ್ತವೆ. ಅವುಗಳಲ್ಲಿ ಮುಖದ ಬಣ್ಣ ಬಹಳ ಚೆನ್ನಾಗಿ ಮೂಡುತ್ತದೆ.

ಆ ದಿನ ನಮ್ಮ ತಂದೆಯವರೂ ನಾನೂ ಮನೆಗೆ ಹಿಂದಿರುಗುವಾಗ, ಪೇಟೆಯ ಬಸ್ಸಿನ ನಿಲುಗಡೆಯಲ್ಲಿ ಅವನೂ ಅವನ ಮಗನೂ ನಿಂತಿದ್ದರು. ಕೆಂಪು ಬಟ್ಟೆಯಲ್ಲಿ ಸುತ್ತಿದ ಮುಡಿಯ ಗಂಟು ದೊಡ್ಡದು; ಬಾಗಿಲಲ್ಲಿ ಹಿಡಿಸಲಿಲ್ಲ. ಮಗ ಏಣಿ ಹತ್ತಿ ಅದನ್ನು ಬಸ್ಸಿನ ಮಾಡಿನ ಮೇಲೆ, ಬಾಳೆಗೊನೆಗಳ ನಡುವೆ, ಜೋಪಾನವಾಗಿ ಇಟ್ಟ. ಕಂಡಕ್ಟರು ಕೆಳಗಿನಿಂದಲೇ ಅದನ್ನು ಕಣ್ಣಳತೆಯಲ್ಲಿ ತೂಗಿ, ಎರಡು ಆಳಿನ ಚೀಟಿಯನ್ನೂ ಒಂದು ಲಗೇಜಿನ ಚೀಟಿಯನ್ನೂ ಹರಿದು ಕೊಟ್ಟರು.